ಹಿಟ್ಟಿನಂಥ ಹೊಲ, ಕೆಳಗೆ ಗಾರೆ ನೆಲ

ಈ ಸಲ ಒಂದು ಸಣ್ಣ ಪ್ರಶ್ನೆ. ಮಳೆ ಜೋರಾಗೇ ಬಂದಿರುತ್ತೆ, ವಾರ ಕಳೆಯೋದರೊಳಗೆ ರಾಗಿ ಪೈರು ಬಾಡುತ್ತೆ. ಯಾಕೆ? ಕೋಲಾರದ ಕಡೆ ಕೆಂಪು ಮಣ್ಣಲ್ಲಿ ಇದನ್ನ ನೀವೂ ನೋಡಿರ್ತೀರ. ಮಳೆ ಸಾಲದು ಅಂತೀವಿ. ಎಷ್ಟೋ ಸಲ ಬಂದ ಮಳೆ ಒಳಗೇ ಇಳಿದಿರಲ್ಲ.

ನಾನು ಬಿ.ಕಾಂ. ಓದಿದವನು, ಲೆಕ್ಕದಿಂದಲೇ ಶುರು ಮಾಡ್ತೀನಿ. ಮಣ್ಣಿನ ಕಣ ಒಂದು ಘನ ಸೆಂಟಿಮೀಟರಿಗೆ ಸುಮಾರು 2.65 ಗ್ರಾಂ ತೂಗುತ್ತೆ. ಸಡಿಲವಾದ ಹೊಲದ ಮಣ್ಣು ಅಷ್ಟೇ ಜಾಗಕ್ಕೆ 1.3 ಗ್ರಾಂ ಆಸುಪಾಸು. ಅಂದ್ರೆ ಅರ್ಧ ಜಾಗ ಖಾಲಿ. ನೀರು, ಗಾಳಿ, ಬೇರು ಎಲ್ಲಾ ಇರೋದು ಆ ಖಾಲಿ ಜಾಗದಲ್ಲೇ. ಮರಳು ಮಿಶ್ರಿತ ಮಣ್ಣಲ್ಲಿ ಈ ತೂಕ 1.7 ದಾಟಿದರೆ ಬೇರು ಇಳಿಯೋದೇ ಕಷ್ಟ.

ಮರದ ನೇಗಿಲು ನಾಲ್ಕೈದು ಇಂಚು ಸೀಳುತ್ತೆ, ಮಣ್ಣನ್ನ ಮಗುಚಲ್ಲ. ಟ್ರ್ಯಾಕ್ಟರಿನ ರೆಕ್ಕೆ ನೇಗಿಲು ಎಂಟು ಇಂಚಿನ ತನಕ ಹೋಗಿ ಹೆಂಟೆ ಮಗುಚುತ್ತೆ, ಕಳೆ, ಕೂಳೆ ಮುಚ್ಚಿಹೋಗುತ್ತೆ. ಆದರೆ ಟ್ರ್ಯಾಕ್ಟರಿನ ಒಂದು ಕಡೆ ಚಕ್ರ ತೆರೆದ ಸಾಲಲ್ಲೇ ಓಡುತ್ತಲ್ಲ, ಆ ಭಾರ ನೇರ ಕೆಳಮಣ್ಣಿನ ಮೇಲೆ.

ರೋಟವೇಟರ್ ಕಥೆಯೇ ಬೇರೆ. "ಹೊಲ ಹಿಟ್ಟಿನ ಹಾಗಾಗುತ್ತೆ ಕಣೋ" ಅಂತಾರೆ ನಮ್ಮ ಸೋದರಮಾವ, ಖುಷಿಯಿಂದ. ಆ ಹಿಟ್ಟೇ ತೊಂದರೆ. ಹನಿ ಬಿದ್ದ ಕೂಡಲೇ ಸಣ್ಣ ಕಣಗಳು ಸಂದುಗಳಲ್ಲಿ ಕೂತು, ಒಣಗಿದ ಮೇಲೆ ಹೆಪ್ಪಾಗುತ್ತೆ. ರಾಗಿ ಮೊಳಕೆಗೆ ಅದನ್ನ ಒಡೆಯೋ ಶಕ್ತಿ ಎಲ್ಲಿಂದ ಬರಬೇಕು? ಇನ್ನು ಕೆಳಗೆ, ಬಾಗಿದ ಬ್ಲೇಡುಗಳು ವರ್ಷ ವರ್ಷ ಅದೇ ಐದಿಂಚಲ್ಲಿ ಮಣ್ಣನ್ನ ಒತ್ತಿ ಸವರ್ತಾ ಹೋಗುತ್ತವೆ. ಒದ್ದೆ ಇದ್ದಾಗ ಹೊಡೆದರಂತೂ ಗಾರೆ ನೆಲವೇ. ನೀರು ಅಲ್ಲಿ ನಿಂತು ಪಕ್ಕಕ್ಕೆ ಹರಿಯುತ್ತೆ, ತೊಗರಿಯ ತಾಯಿಬೇರು ಅಲ್ಲೇ ಅಡ್ಡ ತಿರುಗುತ್ತೆ.

ಹಾಗಂತ ಮಾವನ್ನ ಬೈಯೋಕೆ ನನಗೆ ಮನಸ್ಸಿಲ್ಲ. ಎತ್ತು ಮಾರಿ ವರ್ಷಗಳಾಯ್ತು, ಆಳು ಸಿಗಲ್ಲ, ಗಂಟೆ ಲೆಕ್ಕದಲ್ಲಿ ಕೆಲಸ ಮುಗಿಯಬೇಕು.

ನಿಮ್ಮ ಹೊಲದಲ್ಲಿ ಪರೀಕ್ಷೆ ಸುಲಭ. ಹದ ಮಳೆ ಆದ ಮಾರನೇ ದಿನ ಒಂದು ಕಬ್ಬಿಣದ ಸರಳು ಚುಚ್ಚಿ. ಸಲೀಸಾಗಿ ಹೋಗ್ತಾ ಇದ್ದದ್ದು ಐದಾರು ಇಂಚಲ್ಲಿ, ಎಲ್ಲಾ ಕಡೆ ಒಂದೇ ಆಳದಲ್ಲಿ ಗಕ್ಕನೆ ನಿಂತರೆ ಪದರ ಕೂತಿದೆ ಅಂತ. ಅದನ್ನ ಸೀಳೋಕೆ ಉಳಿ ನೇಗಿಲಿದೆ, ಒಂದಡಿಗೂ ಕೆಳಗೆ ಹೋಗುತ್ತೆ, ಮಗುಚಲ್ಲ. ಬೇಸಿಗೆಯಲ್ಲಿ, ಮಣ್ಣು ಒಣಗಿದ್ದಾಗ ಮಾತ್ರ ಹೊಡೀಬೇಕು. ಒದ್ದೆಯಲ್ಲಿ ಪದರ ಬಿರಿಯಲ್ಲ, ಬರೀ ಗೀಟು ಬೀಳುತ್ತೆ, ಡೀಸೆಲ್ ದಂಡ. ಸೀಳಿದ ಮೇಲೆ ಮತ್ತೆ ಪ್ರತಿ ವರ್ಷ ರೋಟವೇಟರ್ ಹೊಡೆದರೆ ಪದರ ವಾಪಸ್ ಕೂರುತ್ತೆ. ಮಾವ ಈ ಬೇಸಿಗೆಗೆ ಅರ್ಧ ಹೊಲಕ್ಕಷ್ಟೇ ಒಪ್ಪಿದ್ದಾರೆ.