ಸ್ಪೀಡ್ ಇದ್ದರೂ ಕಾಲ್ ಯಾಕೆ ತೊದಲುತ್ತೆ?

ಮನೆಯಲ್ಲಿ ಒಬ್ಬರು ದೊಡ್ಡ ವಿಡಿಯೊ ಅಪ್‌ಲೋಡ್‌ಗೆ ಹಾಕಿದರೆ ಇನ್ನೊಬ್ಬರ ಕಾಲ್ ತೊದಲುತ್ತೆ, ಅಲ್ವಾ? ಸ್ಪೀಡ್ ಸಾಲದು ಅಂತ ದುಬಾರಿ ಪ್ಲಾನ್ ಹಾಕಿಸ್ತೀವಿ. ಬಹಳ ಸಲ ತೊಂದರೆ ಸ್ಪೀಡಿನದ್ದಲ್ಲ, ಸಾಲಿನದ್ದು. ಅಪ್‌ಲೋಡ್‌ನ ರಾಶಿಯ ಹಿಂದೆ ಮಾತಿನ ಪುಟ್ಟ ಪ್ಯಾಕೆಟ್ ಕಾಯ್ತಾ ನಿಂತಿರುತ್ತೆ. ಕಳಿಸುವ ಪ್ರತಿಯೊಬ್ಬರಿಗೂ ಬೇರೆ ಸಾಲು ಕೊಟ್ಟು ಸರದಿಯಂತೆ ಬಿಡಿ ಅಂತ ಜಾನ್ ನೇಗಲ್ 1985ರಲ್ಲೇ ಬರೆದಿದ್ದರು. ಪ್ರತಿ ಸಂಪರ್ಕಕ್ಕೂ ಸಾಲು ಬೇರೆ ಮಾಡುವ ಎಫ್‌ಕ್ಯೂ-ಕೋಡೆಲ್ ಲಿನಕ್ಸ್‌ಗೆ ಬಂದದ್ದು 2012ರಲ್ಲಿ. ಅದೂ ಪುಕ್ಕಟೆ! ಓಪನ್‌ಡಬ್ಲ್ಯುಆರ್‌ಟಿ ಹಾಕಿದ ರೌಟರುಗಳಲ್ಲಿ ಈಗ ಅದು ಇದ್ದೇ ಇರುತ್ತೆ. ಆದರೆ ಸಾಲು ಬೆಳೆಯೋದು ಆಚೆಯ ಮೋಡೆಮ್‌ನಲ್ಲಾದರೆ ರೌಟರಿನ ನ್ಯಾಯ ನಡೆಯೋದಿಲ್ಲ. ಅದಕ್ಕೇ ನಾನು ರೌಟರಿನಲ್ಲಿ ಅಪ್‌ಲೋಡ್ ಮಿತಿಯನ್ನು ಲೈನಿನ ವೇಗಕ್ಕಿಂತ ತುಸು ಕೆಳಗೇ ಇಟ್ಟಿದ್ದೇನೆ. ವೇಗ ಸ್ವಲ್ಪ ಹೋಯ್ತು, ಕಾಲ್ ಈಗ ತೊದಲಲ್ಲ.