ಸ್ಕೌಟ್ ಪ್ರತಿಜ್ಞೆಯೂ ಧರ್ಮಶ್ರದ್ಧೆಯೂ

ಸ್ಕೌಟ್ ದಳಕ್ಕೆ ಸೇರುವ ಬಾಲಕನೂ ಗೈಡ್ ದಳಕ್ಕೆ ಸೇರುವ ಬಾಲಿಕೆಯೂ ಮೊಟ್ಟಮೊದಲು ಮಾಡತಕ್ಕ ಕೆಲಸವೆಂದರೆ ಮೂರು ಬೆರಳುಗಳನ್ನೆತ್ತಿ ಪ್ರತಿಜ್ಞೆ ಸ್ವೀಕರಿಸುವುದು. ದೇವರಿಗೂ ದೇಶಕ್ಕೂ ಸಲ್ಲತಕ್ಕ ಕರ್ತವ್ಯವನ್ನು ನೆರವೇರಿಸುವುದು, ಪರರಿಗೆ ನೆರವಾಗುವುದು, ಸ್ಕೌಟ್ ನಿಯಮವನ್ನು ಪಾಲಿಸುವುದು, ಇಷ್ಟೇ ಅದರ ಸಾರ. ಹನ್ನೆರಡು ವರ್ಷದ ಮಗುವೊಂದು ಅರ್ಧ ನಿಮಿಷದಲ್ಲಿ ಹೇಳಿ ಮುಗಿಸುವ ಈ ಮಾತುಗಳಲ್ಲಿ ಮೊದಲಿಗೆ ಬರುವ ಕರ್ತವ್ಯ ದೇವರದು. ಆ ಮಾತಿಗೆ ಅರ್ಥವೇನು? ಯಾವ ಮತದ ದೇವರು? ನಾನಾ ಮತದ ಮಕ್ಕಳು ಒಂದೇ ಸಾಲಿನಲ್ಲಿ ನಿಂತು ಇದನ್ನು ಹೇಳಬಹುದೆ, ಅಥವಾ ಒಂದೊಂದು ಮತದವರೂ ತಮ್ಮ ತಮ್ಮ ಸಂಘವನ್ನು ಕಟ್ಟಿಕೊಳ್ಳಬೇಕೆ? ಯೂರೋಪಿನ ಕ್ಯಾಥೊಲಿಕರು ಈ ಪ್ರಶ್ನೆಗೆ ಒಂದು ಉತ್ತರವನ್ನು ಕೊಟ್ಟರು. ನಮ್ಮ ದೇಶದವರು ಇನ್ನೊಂದನ್ನು ಕೊಟ್ಟರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ಮಕ್ಕಳಿಗೂ ಅವರ ಉಪಾಧ್ಯಾಯರಿಗೂ ಈ ಎರಡು ಉತ್ತರಗಳಿಂದಲೂ ಕಲಿಯತಕ್ಕದ್ದು ಉಂಟೆಂಬುದು ಪ್ರಕೃತ ಭಾಷಣದ ವಿಷಯ.

ಸ್ಕೌಟ್ ಚಳವಳಿಯ ಮೂಲಪುರುಷನಾದ ಬೇಡನ್ ಪೊವೆಲ್ ಸೈನ್ಯದಲ್ಲಿದ್ದವನು. 1907ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ಎಂಬ ಚಿಕ್ಕ ದ್ವೀಪಕ್ಕೆ ಸುಮಾರು 20 ಮಂದಿ ಹುಡುಗರನ್ನು ಕರೆದುಕೊಂಡು ಹೋಗಿ ಅವನು ಒಂದು ಶಿಬಿರವನ್ನು ನಡೆಸಿದನು. ಅವರಲ್ಲಿ ಕೆಲವರು ಸಿರಿವಂತರ ಶಾಲೆಗಳ ಹುಡುಗರು, ಕೆಲವರು ದುಡಿಮೆಗಾರರ ಮಕ್ಕಳು. ಬೇರೆ ದಿನಗಳಲ್ಲಿ ಒಬ್ಬರ ಮುಖವನ್ನೊಬ್ಬರು ನೋಡದ ಈ ಹುಡುಗರು ಒಂದೇ ಗುಡಾರದಲ್ಲಿ ಮಲಗಿ, ಒಂದೇ ಒಲೆಯ ಅಡಿಗೆಯನ್ನುಂಡರು. ಮರುವರ್ಷ ಅವನ ಪುಸ್ತಕ ಪ್ರಕಟವಾಯಿತು; 1910ರಲ್ಲಿ ಬಾಲಿಕೆಯರಿಗಾಗಿ ಗೈಡ್ ಸಂಸ್ಥೆ ಹುಟ್ಟಿತು. ದೈವಭಕ್ತಿಯಿಲ್ಲದೆ ಶೀಲವಿಲ್ಲವೆಂದು ಬೇಡನ್ ಪೊವೆಲ್ ನಂಬಿದ್ದನು. ಆದರೆ ಆ ಭಕ್ತಿ ಯಾವ ಮತದ್ದಾಗಿರಬೇಕೆಂದು ಅವನು ವಿಧಿಸಲಿಲ್ಲ. ಅದನ್ನು ಮನೆಗೂ ಮತಾಚಾರ್ಯರಿಗೂ ಬಿಟ್ಟುಕೊಟ್ಟನು.

ಕ್ಯಾಥೊಲಿಕರಲ್ಲಿ ಅನೇಕರಿಗೆ ಸಂಶಯ ಹುಟ್ಟಿದ್ದು ಇಲ್ಲಿಯೇ. ಪ್ರಾಟೆಸ್ಟೆಂಟ್ ದೇಶವೊಂದರಲ್ಲಿ ಹುಟ್ಟಿದ ಈ ಪದ್ಧತಿಯಲ್ಲಿ ಕಾಡುಮೇಡು, ಗಂಟುಹಗ್ಗ, ಆಟಪಾಟಗಳು ಹೇರಳವಾಗಿವೆ. ದೇವರ ಹೆಸರು ಮಾತ್ರ ಅಲಂಕಾರಕ್ಕಾಗಿ ಇದೆಯೋ ಏನೋ ಎಂದು ಫ್ರಾನ್ಸು ಬೆಲ್ಜಿಯಮ್‌ಗಳ ಹಿರಿಯರು ಅಂಜಿದರು. ಈ ಅಂಜಿಕೆಯನ್ನು ನಿವಾರಿಸಿದವರಲ್ಲಿ ಮುಖ್ಯರು ಜಾಕ್ ಸೆವೆನ್ ಎಂಬ ಫ್ರೆಂಚ್ ಯೇಸುಸಭೆಯ ಗುರುಗಳು. ಅವರು 1913ರಲ್ಲಿ ಇಂಗ್ಲೆಂಡಿಗೆ ಹೋಗಿ ಪದ್ಧತಿಯನ್ನು ಕಣ್ಣಾರೆ ಕಂಡರು, ಬೇಡನ್ ಪೊವೆಲ್‌ನನ್ನು ಭೇಟಿಯಾದರು. 1920ರಲ್ಲಿ ಫ್ರಾನ್ಸಿನ ಕ್ಯಾಥೊಲಿಕ್ ಸ್ಕೌಟ್ ಸಂಸ್ಥೆ ಸ್ಥಾಪಿತವಾದಾಗ ಅದರ ಸ್ಥಾಪಕರಲ್ಲಿ ಅವರೂ ಒಬ್ಬರು. ಅವರು ಮಾಡಿದ್ದೇನೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಸ್ಕೌಟನು ಪ್ರಾಣಿಗಳಿಗೆ ಮಿತ್ರನು ಎಂಬುದು ಮೂಲ ನಿಯಮ. ಫ್ರೆಂಚ್ ಕ್ಯಾಥೊಲಿಕ್ ನಿಯಮದಲ್ಲಿ ಇದಕ್ಕೆ ಕಾರಣವೂ ಸೇರಿಕೊಂಡಿತು: ಗಿಡಮರಗಳೂ ಪ್ರಾಣಿಗಳೂ ದೇವರ ಕೃತಿಯಾದುದರಿಂದ ಅವು ಪ್ರೀತಿಗೆ ಪಾತ್ರವಾದವು ಎಂದು. ನಿಯಮ ಅದೇ, ಆದರೆ ಬೇರು ಆಳಕ್ಕೆ ಇಳಿಯಿತು. ಸೆವೆನ್ ಅವರು 1951ರಲ್ಲಿ ತೀರಿಕೊಂಡರು. 2012ರಲ್ಲಿ ರೋಮಿನ ಧರ್ಮಪೀಠ ಅವರನ್ನು ಪೂಜ್ಯರೆಂದು ಸಾರಿತು.

ಇಟಲಿಯಲ್ಲಿ 1916ರಲ್ಲಿಯೂ ಪೋರ್ಚುಗಲ್‌ನಲ್ಲಿ 1923ರಲ್ಲಿಯೂ ಕ್ಯಾಥೊಲಿಕ್ ಸ್ಕೌಟ್ ಸಂಸ್ಥೆಗಳು ಹುಟ್ಟಿದವು. ಕಾಲಾನಂತರ ಇಂತಹ ಸಂಸ್ಥೆಗಳೆಲ್ಲ ಕೂಡಿ ಒಂದು ಅಂತರರಾಷ್ಟ್ರೀಯ ಕೂಟವನ್ನು ಏರ್ಪಡಿಸಿಕೊಂಡವು. ಅದರ ನಿಬಂಧನೆಗಳಿಗೆ 1962ರಲ್ಲಿ ರೋಮಿನ ಸಮ್ಮತಿ ದೊರೆಯಿತು. ಗೈಡ್ ಬಾಲಿಕೆಯರಿಗಾಗಿ ಇಂತಹುದೇ ಕೂಟ 1965ರಲ್ಲಿ ಏರ್ಪಟ್ಟಿತು.

ಒಂದು ಮತದ ಮಕ್ಕಳನ್ನು ಬೇರೆಯಾಗಿ ಕಟ್ಟುವುದು ಸಂಕುಚಿತ ಬುದ್ಧಿಯಲ್ಲವೆ ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದದ್ದೆ. ಆದರೆ ಉತ್ತರ ಕೊಡುವ ಮುನ್ನ ಇಟಲಿಯ ಕಥೆಯನ್ನು ಕೇಳಬೇಕು. ಮುಸೊಲಿನಿಯ ಸರ್ಕಾರಕ್ಕೆ ದೇಶದ ಮಕ್ಕಳೆಲ್ಲರೂ ತನ್ನದೇ ಬಾಲಸೇನೆಯಲ್ಲಿ ತನ್ನದೇ ಸಮವಸ್ತ್ರವನ್ನು ಧರಿಸಬೇಕೆಂಬ ಹಟವಿತ್ತು. 1927ರ ಮೊದಲಿನಲ್ಲಿ, 20,000ಕ್ಕಿಂತ ಕಡಮೆ ಜನಸಂಖ್ಯೆಯ ಊರುಗಳಲ್ಲಿದ್ದ ಸ್ಕೌಟ್ ದಳಗಳನ್ನು ವಿಸರ್ಜಿಸಬೇಕೆಂದು ಆಜ್ಞೆಯಾಯಿತು. ಜಿಲ್ಲೆಯ ಮುಖ್ಯಪಟ್ಟಣಗಳಿಗೆ ವಿನಾಯಿತಿಯಿದ್ದಿತು. ಅಂದರೆ ನಮ್ಮ ಜಗಳೂರು, ನ್ಯಾಮತಿಗಳಂತಹ ಊರುಗಳ ಮಕ್ಕಳ ಮೇಲೆ ಮೊದಲು ಕೈಬಿದ್ದಿತು. ಮರುವರ್ಷ ದೊಡ್ಡ ಪಟ್ಟಣಗಳ ದಳಗಳಿಗೂ ಅದೇ ಗತಿಯಾಯಿತು.

ಮಿಲಾನ್ ಮತ್ತು ಮೊಂಜಾ ಪಟ್ಟಣಗಳ ಕೆಲವು ತರುಣರು ಮಾತ್ರ ಈ ಆಜ್ಞೆಗೆ ಮಣಿಯಲಿಲ್ಲ. ‘ಅಲೆಮಾರಿ ಹದ್ದುಗಳು’ ಎಂದು ತಮ್ಮನ್ನು ಕರೆದುಕೊಂಡು ಸುಮಾರು 17 ವರ್ಷಗಳ ಕಾಲ ಕೋಡೆರಾ ಕಣಿವೆಯೇ ಮೊದಲಾದ ಬೆಟ್ಟದ ಎಡೆಗಳಲ್ಲಿ ಗುಟ್ಟಾಗಿ ಶಿಬಿರ ಹೂಡಿದರು. ಅದೇ ಪ್ರತಿಜ್ಞೆಯನ್ನು ಕಿರಿಯರಿಗೆ ಬೋಧಿಸಿದರು. 1943ರಲ್ಲಿ ಜರ್ಮನ್ ಸೈನ್ಯ ಉತ್ತರ ಇಟಲಿಯನ್ನು ಆಕ್ರಮಿಸಿಕೊಂಡಾಗ ಈ ಬೆಟ್ಟದ ಹಾದಿಗಳ ಪರಿಚಯವೇ ಕೆಲಸಕ್ಕೆ ಬಂದಿತು. ಯೆಹೂದ್ಯರು, ತಪ್ಪಿಸಿಕೊಂಡ ಸೆರೆಯಾಳುಗಳು, ಸರ್ಕಾರದ ಕೋಪಕ್ಕೆ ಗುರಿಯಾದವರು, ಇಂತಹ 2,000ಕ್ಕೂ ಹೆಚ್ಚು ಮಂದಿಯನ್ನು ಈ ತರುಣರೂ ಅವರೊಡನಿದ್ದ ಪಾದ್ರಿಗಳೂ ಗಡಿ ದಾಟಿಸಿ ಸ್ವಿಟ್ಜರ್ಲೆಂಡಿಗೆ ಸೇರಿಸಿದರು. ಸಿಕ್ಕಿಬಿದ್ದರೆ ಪ್ರಾಣಕ್ಕೆ ಅಪಾಯವೆಂಬುದನ್ನು ಬಲ್ಲವರೇ ಅವರೆಲ್ಲರು. ನೆರವು ಪಡೆದವರಲ್ಲಿ ಬಹುಮಂದಿ ಅವರ ಮತದವರಲ್ಲ. ತಮ್ಮ ಮತದಲ್ಲಿ ದೃಢವಾಗಿ ನಿಂತವರು ಪರಮತದವರಿಗಾಗಿ ಪ್ರಾಣವನ್ನು ಪಣವಾಗಿ ಒಡ್ಡಿದರು. ದೇವರ ಕರ್ತವ್ಯವೆಂಬ ಮೊದಲ ಮಾತನ್ನು ಅವರು ಅಲಂಕಾರವೆಂದು ಬಗೆದಿದ್ದರೆ ಇದು ನಡೆಯುತ್ತಿರಲಿಲ್ಲ.

ಇನ್ನು ನಮ್ಮ ದೇಶದ ಕಡೆಗೆ ತಿರುಗೋಣ. ಭಾರತದಲ್ಲಿ ಸ್ಕೌಟ್ ದಳ ಮೊದಲು ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ, 1909ರಲ್ಲಿ, ಕ್ಯಾಪ್ಟನ್ ಟಿ. ಎಚ್. ಬೇಕರ್ ಎಂಬವರು ಅದರ ಸ್ಥಾಪಕರು. ಆದರೆ ಆರಂಭದ ದಳಗಳು ಯೂರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗೇ ಮೀಸಲು. ಈ ಮಣ್ಣಿನ ಮಕ್ಕಳಿಗೆ ಬಾಗಿಲು ತೆರೆದಿರಲಿಲ್ಲ. 1916ರಲ್ಲಿ ಮದರಾಸಿನಲ್ಲಿ ಆನಿ ಬೆಸೆಂಟರು ಭಾರತೀಯ ಬಾಲಕರಿಗಾಗಿ ಸಂಘ ಕಟ್ಟಿದರು. ಮದನಮೋಹನ ಮಾಳವೀಯರು, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಇವರ ಯತ್ನದಿಂದ ಉತ್ತರದಲ್ಲಿ ಸೇವಾಸಮಿತಿಯ ಸ್ಕೌಟ್ ಸಂಸ್ಥೆ 1918ರಲ್ಲಿ ಹುಟ್ಟಿತು. ಯೂರೋಪಿನಲ್ಲಿ ಚರ್ಚೆ ನಡೆದದ್ದು ದೇವರೆಂಬ ಮಾತಿನ ಅರ್ಥವನ್ನು ಕುರಿತು. ಇಲ್ಲಿ ನಡೆದದ್ದು ಯಾರ ಮಕ್ಕಳು ಸೇರಬಹುದು, ಮುಂದಾಳುಗಳು ಯಾರಾಗಬೇಕು ಎಂಬುದನ್ನು ಕುರಿತು. ಬೇರೆಯಾಗಿ ನಿಲ್ಲಿಸಿದುದರ ನೋವನ್ನು ಉಂಡವರಾದುದರಿಂದಲೇ ನಮ್ಮವರು ಸ್ವಾತಂತ್ರ್ಯ ಬಂದೊಡನೆ ಕೂಡಿಸುವ ಕಾರ್ಯಕ್ಕೆ ಕೈಹಾಕಿದರು. 1950ರ ನವೆಂಬರ್ 7ರಂದು ಸಂಸ್ಥೆಗಳು ಒಂದುಗೂಡಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯಾಯಿತು. 1951ರ ಆಗಸ್ಟ್ 15ರಂದು ಗೈಡ್ ಸಂಸ್ಥೆಯೂ ಅದರಲ್ಲಿ ಸೇರಿತು.

ಈ ಸಂಸ್ಥೆಯ ಪ್ರತಿಜ್ಞೆಯಲ್ಲಿ ಒಂದು ಸೂಕ್ಷ್ಮವಿದೆ. ದೇವರೆಂಬ ಪದಕ್ಕೆ ಬದಲಾಗಿ, ಇಷ್ಟವುಳ್ಳವರು ‘ಧರ್ಮ’ವೆಂಬ ಪದವನ್ನು ಹೇಳಬಹುದು. ಜೈನರ ಮಗುವೂ ಬೌದ್ಧರ ಮಗುವೂ ಸುಳ್ಳಾಡದೆ ಪ್ರತಿಜ್ಞೆ ಮಾಡುವುದಕ್ಕೆ ಇದರಿಂದ ಅವಕಾಶವಾಯಿತು. ಶಿಬಿರಗಳಲ್ಲಿ ಸರ್ವಧರ್ಮ ಪ್ರಾರ್ಥನೆ ನಡೆಯುತ್ತದೆ. ಕ್ಯಾಥೊಲಿಕ್ ಮಠಕನ್ಯೆಯರು ನಡೆಸುವ ಶಾಲೆಯ ದಳವಾಗಲಿ, ಲಿಂಗಾಯತ ಮಠದ ಶಾಲೆಯ ದಳವಾಗಲಿ, ಸರ್ಕಾರಿ ಶಾಲೆಯ ದಳವಾಗಲಿ, ಎಲ್ಲವೂ ಒಂದೇ ಸಂಸ್ಥೆಯ ಅಂಗಗಳಾಗಬಹುದು.

ಈ ಏರ್ಪಾಡಿನ ರೂಪವನ್ನು ಕಣ್ಣಾರೆ ಕಾಣಬೇಕೆನ್ನುವವರು ದಾವಣಗೆರೆಗೆ ಸಮೀಪದಲ್ಲಿರುವ ಕೊಂಡಜ್ಜಿಗೆ ಹೋಗಬೇಕು. ಹರಿಹರ ತಾಲ್ಲೂಕಿನ ಈ ಊರಿನ ಕೆರೆಯ ಬಳಿ ರಾಜ್ಯ ಸ್ಕೌಟ್ ಸಂಸ್ಥೆಯ ತರಬೇತಿ ಕೇಂದ್ರವಿದೆ. ಲೋಕಸಭೆಯ ಸದಸ್ಯರಾಗಿದ್ದ ಕೊಂಡಜ್ಜಿ ಬಸಪ್ಪನವರು ಈ ಚಳವಳಿಗೆ ಮಾಡಿದ ಸೇವೆಯ ನೆನಪಿಗಾಗಿ ಬೆಂಗಳೂರಿನ ಸ್ಕೌಟ್ ಭವನದ ಸಭಾಂಗಣಕ್ಕೂ ಅವರ ಹೆಸರೇ ಇದೆ. ಹರಿಹರದಲ್ಲಿ ಹರಿಯೂ ಹರನೂ ಒಂದೇ ಮೂರ್ತಿಯಲ್ಲಿ ನಿಂತಿದ್ದಾರೆ. ಅದೇ ಊರಿನಲ್ಲಿ ಆರೋಗ್ಯಮಾತೆಯ ಇಗರ್ಜಿಗೆ ಕ್ರೈಸ್ತರಲ್ಲದವರೂ ಹರಕೆ ಹೊತ್ತು ಬರುತ್ತಾರೆ. ಇಂತಹ ಸೀಮೆಯಲ್ಲಿ ಮತಕ್ಕೊಂದು ಸ್ಕೌಟ್ ಸಂಸ್ಥೆ ಬೇಕೆನ್ನುವುದು ಯಾರಿಗೂ ಸಹಜವಾಗಿ ತೋರಲಾರದು.

ದಾವಣಗೆರೆ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಸೇವೆಗೆ ಕೊರತೆಯಿಲ್ಲ. ಮಳೆಗಾಲದಲ್ಲಿ ತುಂಗಭದ್ರೆ ಉಕ್ಕಿದರೆ ಹೊನ್ನಾಳಿಯ ತಗ್ಗಿನ ಕೇರಿಗಳಿಗೆ ನೀರು ನುಗ್ಗುತ್ತದೆ. ಜಗಳೂರಿನದು ಇದಕ್ಕೆ ವಿರುದ್ಧವಾದ ಕಷ್ಟ. ಅಲ್ಲಿ ಮಳೆಯೇ ಅಪರೂಪ, ಹನಿ ನೀರಿಗೂ ಬೆಲೆ. ಚನ್ನಗಿರಿ ತಾಲ್ಲೂಕಿನಲ್ಲಿ ಶಾಂತಿಸಾಗರವೆಂಬ ಸೂಳೆಕೆರೆಯಿದೆ. ಪೂರ್ವಿಕರು ಕಟ್ಟಿಕೊಟ್ಟ ಇಷ್ಟು ದೊಡ್ಡ ಕೆರೆಯ ದಡವನ್ನು ಶುಚಿಯಾಗಿಡುವುದೇ ಒಂದು ವ್ರತವಾದೀತು. 2018ರ ಸುಮಾರಿಗೆ ಪ್ರತ್ಯೇಕ ತಾಲ್ಲೂಕಾದ ನ್ಯಾಮತಿಯ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಕ್ಷೇತ್ರ. ಫೆಬ್ರವರಿಯ ಜಯಂತಿಗೆ ದೇಶದ ನಾನಾ ಕಡೆಗಳಿಂದ ಬಂಜಾರರು ಅಲ್ಲಿ ನೆರೆಯುತ್ತಾರೆ. ಅಂತಹ ಜಾತ್ರೆಯಲ್ಲಿ ದಾರಿತಪ್ಪಿದ ಮಗುವನ್ನು ತಾಯಿಗೆ ಒಪ್ಪಿಸುವ ಹುಡುಗ ಯಾವ ಮತದವನೆಂದು ಆ ತಾಯಿ ಕೇಳುವುದಿಲ್ಲ.

ಆದರೆ ನಮ್ಮ ಉತ್ತರದಲ್ಲಿಯೂ ಒಂದು ಅಪಾಯವುಂಟು. ಎಲ್ಲರ ದೇವರೆಂದು ಹೇಳಹೇಳುತ್ತ ಅದು ಯಾರ ದೇವರೂ ಅಲ್ಲದಂತಾಗಬಹುದು. ಸರ್ವಧರ್ಮ ಪ್ರಾರ್ಥನೆ ಬಾಯಿಪಾಠವಾಗಬಹುದು. ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರಗಳು ಗೌರವದ ವಸ್ತುಗಳೇ. ರೈಲ್ವೆ ಇಲಾಖೆಯಲ್ಲಿ ಸ್ಕೌಟುಗಳಿಗೆ ಕೆಲವು ಹುದ್ದೆಗಳು ಮೀಸಲಾಗಿರುವುದೂ ಒಳ್ಳೆಯದೇ. ಆದರೆ ಪ್ರಶಸ್ತಿಪತ್ರಕ್ಕಾಗಿಯೇ ದಳಕ್ಕೆ ಸೇರಿದ ಮಗು ಪತ್ರ ಕೈಸೇರಿದೊಡನೆ ಪ್ರತಿಜ್ಞೆಯನ್ನು ಮರೆಯುತ್ತದೆ. ಕಾಲೇಜಿನ ತರಗತಿಗಳಲ್ಲಿ ನಾನು ಕಂಡಿರುವ ಹಳೆಯ ಸ್ಕೌಟುಗಳಲ್ಲಿ ಗಂಟು ಹಾಕುವುದನ್ನು ಮರೆತವರು ಕಡಮೆ. ಪ್ರತಿಜ್ಞೆಯ ಮೊದಲ ಮಾತಿಗೆ ಅರ್ಥ ಹೇಳಬಲ್ಲವರು ಇನ್ನೂ ಕಡಮೆ.

ಕ್ಯಾಥೊಲಿಕ್ ಸಂಸ್ಥೆಗಳಿಂದ ನಾವು ತೆಗೆದುಕೊಳ್ಳಬೇಕಾದದ್ದು ಅವರ ಬೇಲಿಯನ್ನಲ್ಲ, ಅವರ ಬೇರನ್ನು. ಇದಕ್ಕೆ ಹೊಸ ಸಂಘ ಬೇಕಾಗಿಲ್ಲ, ಹಣವೂ ಬೇಕಾಗಿಲ್ಲ. ಪ್ರತಿಜ್ಞೆಯ ಹಿಂದಿನ ದಿನ ದಳದ ಉಪಾಧ್ಯಾಯರು ಒಂದೊಂದು ಮಗುವನ್ನೂ ಹತ್ತಿರ ಕೂರಿಸಿಕೊಂಡು, ನಿನ್ನ ಮನೆಯಲ್ಲಿ ದೇವರೆಂದರೆ ಏನು ಹೇಳುತ್ತಾರೆ, ಆ ದೇವರು ನಿನ್ನಿಂದ ಯಾವ ಕೆಲಸವನ್ನು ಬಯಸುತ್ತಾನೆ ಎಂದು ಕೇಳಿದರೆ ಸಾಕು. ಸೇವಾಲಾಲರ ಭಕ್ತರ ಮಗು ಒಂದು ಹೇಳೀತು, ಹಿರೇಕಲ್ಮಠದ ಶಿಷ್ಯರ ಮಗು ಇನ್ನೊಂದು, ಮುಸಲ್ಮಾನರ ಮಗು, ಕ್ರೈಸ್ತರ ಮಗು ಮತ್ತೊಂದು. ದೇವರನ್ನು ಒಪ್ಪದ ಮನೆಯ ಮಗುವಾದರೆ ಧರ್ಮವೆಂಬ ಮಾತಿಗೆ ತನ್ನ ಅರ್ಥವನ್ನು ಹೇಳಲಿ. ಮಾರನೆಯ ದಿನ ಅವರೆಲ್ಲರೂ ಒಂದೇ ಧ್ವಜದ ಕೆಳಗೆ ನಿಂತು ಮೂರು ಬೆರಳುಗಳನ್ನೆತ್ತಲಿ. ಹೊನ್ನಾಳಿಯ ಕೇರಿಗೆ ನೀರು ನುಗ್ಗಿದ ರಾತ್ರಿ, ಅರ್ಥವನ್ನು ತಿಳಿದು ಹೇಳಿದ ಆ ಮಾತು ಅವರನ್ನು ಮನೆಯಿಂದ ಹೊರಡಿಸೀತೆಂದು ನಾವು ನಂಬಬಹುದು.