ಉತ್ತರಕ್ಕೆ ಎಷ್ಟು ಹೊತ್ತು?

ಫಲಿತಾಂಶದ ದಿನ ನೋಂದಣಿ ಸಂಖ್ಯೆ ಕೊಟ್ಟೊಡನೆ ನಿಮ್ಮ ಅಂಕಗಳು ಕಂಪ್ಯೂಟರಿನ ತೆರೆಯ ಮೇಲೆ ಮೂಡುತ್ತವೆ. ಆದರೆ, "ಉತ್ತರ ಕನ್ನಡ ಜಿಲ್ಲೆ, ಸಿರಸಿ ತಾಲ್ಲೂಕಿನ ವಿದ್ಯಾರ್ಥಿಗಳ ಗಣಿತದ ಸರಾಸರಿ ಅಂಕ ಎಷ್ಟು?" ಎಂದು ಕೇಳಿದರೆ ಉತ್ತರ ಕ್ಷಣದಲ್ಲಿ ಬರಬಹುದು, ಬಹಳ ಹೊತ್ತೂ ಹಿಡಿಯಬಹುದು. ಎಷ್ಟು ಹೊತ್ತೆಂದು ಮೊದಲೇ ಹೇಳಲು ಸಾಧ್ಯವೇ?

ಮಾಹಿತಿಯ ಭಂಡಾರಕ್ಕೆ ಡೇಟಾಬೇಸ್ ಎಂದು ಹೆಸರು. ಗ್ರಂಥಾಲಯದಲ್ಲಿ ಪುಸ್ತಕವನ್ನು ಸೂಚಿ ನೋಡಿಯೂ ಹುಡುಕಬಹುದು, ಕಪಾಟುಗಳನ್ನೆಲ್ಲ ಜಾಲಾಡಿಯೂ ಹುಡುಕಬಹುದು. ಹಾಗೆಯೇ ಇಲ್ಲಿಯೂ ದಾರಿಗಳು ಹಲವು. 1979ರಲ್ಲಿ ಐಬಿಎಂ ಸಂಸ್ಥೆಯ ಪೆಟ್ರೀಷಿಯಾ ಸೆಲಿಂಜರ್ ಮತ್ತು ಸಂಗಡಿಗರು ಒಂದು ವಿಧಾನವನ್ನು ಪ್ರಕಟಿಸಿದರು. ಪ್ರತಿ ದಾರಿಯಲ್ಲೂ ಡಿಸ್ಕಿನಿಂದ ಎಷ್ಟು ಪುಟ ಓದಬೇಕು, ಎಷ್ಟು ದಾಖಲೆ ಪರಿಶೀಲಿಸಬೇಕು ಎಂದು ಅಂದಾಜಿಸಿ, ಕಡಿಮೆ ವೆಚ್ಚದ ದಾರಿಯನ್ನು ಯಂತ್ರವೇ ಆರಿಸುತ್ತದೆ. ಈ ವೆಚ್ಚ ಗಡಿಯಾರದ ನಿಮಿಷವಲ್ಲ. ದಾರಿಗಳನ್ನು ಹೋಲಿಸುವ ಅಳತೆ.

ಅಂದಾಜು ತಪ್ಪುವುದೆಲ್ಲಿ? ಒಟ್ಟು 10 ಲಕ್ಷ ವಿದ್ಯಾರ್ಥಿಗಳೆಂದುಕೊಳ್ಳಿ. ಜಿಲ್ಲೆಯ ಪಾಲು 25ರಲ್ಲಿ ಒಂದು, ತಾಲ್ಲೂಕಿನ ಪಾಲು 100ರಲ್ಲಿ ಒಂದು ಎಂದಿರಲಿ. ಯಂತ್ರ ಎರಡನ್ನೂ ಗುಣಿಸಿ, 400 ಮಂದಿ ಎನ್ನುತ್ತದೆ. ಆದರೆ ಸಿರಸಿಯವರೆಲ್ಲರೂ ಉತ್ತರ ಕನ್ನಡದವರೇ! ನಿಜವಾದ ಸಂಖ್ಯೆ 10,000. ಒಬ್ಬೊಬ್ಬರಿಗೂ ಅಂಕಪಟ್ಟಿಯ ಕಡತಕ್ಕೆ ಹೋಗಿಬರುವುದೇ ಸುಲಭವೆಂದು ಯಂತ್ರ ನಂಬಿದ್ದರೆ, 400 ಸಲದ ಬದಲು 10,000 ಸಲ ಅಲೆಯಬೇಕು. ಕಡತಗಳು ಹೆಚ್ಚಿದಂತೆ ಇಂಥ ತಪ್ಪು ಬೆಳೆಯುತ್ತ ಹೋಗುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಂಶುಮಾನ್ ದತ್ ಮತ್ತು ಜಯಂತ್ ಹರಿತ್ಸ 2014ರಲ್ಲಿ ಬೇರೊಂದು ಉಪಾಯ ಸೂಚಿಸಿದರು. ನಂಬಲಾಗದ ಅಂದಾಜನ್ನು ಕೈಬಿಡಿ; ಪ್ರಶ್ನೆಯನ್ನು ಮೊದಲು ಸಣ್ಣ ವೆಚ್ಚದ ಮಿತಿಯೊಳಗೆ ನಡೆಸಿ. ಮುಗಿಯದಿದ್ದರೆ ನಿಲ್ಲಿಸಿ, ಮಿತಿಯನ್ನು ಇಮ್ಮಡಿಸಿ, ಆ ಮಿತಿಗೆ ತಕ್ಕ ದಾರಿಯಲ್ಲಿ ಮತ್ತೆ ನಡೆಸಿ. ತಿಳಿಯದ ಅಂಶ ಒಂದೇ ಆಗಿದ್ದರೆ, ಒಟ್ಟು ವೆಚ್ಚ ಅತ್ಯುತ್ತಮ ದಾರಿಯ ನಾಲ್ಕು ಪಟ್ಟನ್ನು ಮೀರದು. 1, 2, 4, 8 ಎಂದು ಕೂಡಿಸಿ ನೋಡಿ: ಮೊತ್ತ 15. ನಾಲ್ಕರ ಮಿತಿಯಲ್ಲಿ ಮುಗಿಯದ ಕೆಲಸಕ್ಕೆ ಹೇಗೂ ನಾಲ್ಕಕ್ಕಿಂತ ಹೆಚ್ಚು ವೆಚ್ಚ ಬೇಕೇ ಇತ್ತಲ್ಲವೇ?

ನಿಮ್ಮ ಕಾಲೇಜಿನಲ್ಲಿ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಇದ್ದರೆ, ಪ್ರಶ್ನೆಯ ಮುಂದೆ 'ಎಕ್ಸ್‌ಪ್ಲೇನ್ ಅನಲೈಸ್' ಎಂಬ ಆದೇಶ ಸೇರಿಸಿ. ಅಂದಾಜಿನ ಸಂಖ್ಯೆಯೂ ನಿಜವಾದ ಸಂಖ್ಯೆಯೂ ಅಕ್ಕಪಕ್ಕದಲ್ಲಿ ಕಾಣುತ್ತವೆ. ಉತ್ತರ ತಡವಾದಾಗ ಯಂತ್ರ ನಿಧಾನವೆಂದು ದೂರುವ ಮೊದಲು, ಅದರ ಎಣಿಕೆ ಎಲ್ಲಿ ತಪ್ಪಿತೆಂದು ಹುಡುಕಿ.